ಮಕಾರಿಯೊ ಸಾರು ಮಾಡಿದ್ದು

ಮಕಾರಿಯೊ ಡುಮ್ಲಾವೊ ಹೇಳಿದ್ದು ಒಂದೇ ಒಂದು ಸುಳ್ಳು. ಅದೂ ತೋಳಿಗೆ ರಕ್ತದೊತ್ತಡ ನೋಡುವ ಪಟ್ಟಿ ಬಿಗಿದಿದ್ದಾಗ. ಅಂಥ ಹೊತ್ತಿನಲ್ಲಿ ಯಾರಿಗೆ ತಾನೇ ನಿಜ ನೆನಪಾಗುತ್ತದೆ?

ಪಟ್ಟಿ ಬಿಗಿದವಳು ಆರೋಗ್ಯ ಕೇಂದ್ರದ ನರ್ಸು ಮಿಸ್ ವಾಂಜಿ. ಅವಳು ಕಾಬಾರುವಾನ್ ಕೇರಿಗೆ ಬಂದಾಗಿನಿಂದ ಕೇರಿಯ ಗಂಡಸರಿಗೆಲ್ಲ ಇದ್ದಕ್ಕಿದ್ದಂತೆ ತಲೆಸುತ್ತು ಶುರುವಾಗಿತ್ತು. ಮಕಾರಿಯೊನದು ಮಾತ್ರ ನಿಜವಾದ ತಲೆಸುತ್ತು. ನೀರಿನ ಮೀಟರು ಓದುವ ಕೆಲಸ ಅವನದು. ಬಿಸಿಲಲ್ಲಿ ಮನೆಮನೆ ಅಲೆಯಬೇಕು, ನಾಯಿಗಳಿಂದ ಬೈಸಿಕೊಳ್ಳಬೇಕು, ನಾಯಿ ಸುಮ್ಮನಾದ ಮೇಲೆ ಯಜಮಾನರಿಂದ ಬೈಸಿಕೊಳ್ಳಬೇಕು. ನಲವತ್ತು ಸಮೀಪಿಸಿದರೂ ಮದುವೆಯಿಲ್ಲ. ತಾಯಿ ತೀರಿಕೊಂಡ ಮೇಲೆ "ಊಟ ಆಯ್ತಾ?" ಎಂದು ಅವನನ್ನು ಕೇಳಿದವರೇ ಇಲ್ಲ.

ಮಿಸ್ ವಾಂಜಿ ಕೇಳಿದಳು.

"ಒತ್ತಡ ಜಾಸ್ತಿ ಇದೆಯಲ್ಲ! ದಿನಾ ಏನು ತಿಂತೀರಿ?"

ನಿಜ ಹೇಳಬೇಕೆಂದರೆ ಬೆಳಿಗ್ಗೆ ಪ್ಯಾಕೆಟ್ ನೂಡಲ್ಸು, ಮಧ್ಯಾಹ್ನ ಡಬ್ಬಿ ಮೀನು, ರಾತ್ರಿ ಬೆಳಗಿನ ನೂಡಲ್ಸಿಗೆ ಮಧ್ಯಾಹ್ನದ ಮೀನು. ಆದರೆ ಅವಳು ಕಣ್ಣರಳಿಸಿ ಉತ್ತರಕ್ಕೆ ಕಾಯುತ್ತಿದ್ದಳು.

"ದಿನೆಂಗ್ದೆಂಗ್," ಅಂದ ಮಕಾರಿಯೊ. "ನಾನೇ ಮಾಡ್ಕೋತೀನಿ. ಹಿತ್ತಲ ತರಕಾರಿ, ಮನೆ ನುಗ್ಗೆಸೊಪ್ಪು."

"ನೀವೇ? ಗಂಡಸರು? ಸೊಪ್ಪು ಬಿಡಿಸಿ ಸಾರು ಮಾಡ್ತೀರಾ?"

"ಹೂಂ. ದಿನಾ."

"ಇದನ್ನ ನಾನು ಕಣ್ಣಾರೆ ನೋಡ್ಬೇಕು. ಶನಿವಾರ ಮಧ್ಯಾಹ್ನ ಊಟಕ್ಕೆ ನಿಮ್ಮನೇಗೆ ಬರ್ತೀನಿ," ಎಂದಳು ವಾಂಜಿ.

ಮಕಾರಿಯೊ ಗಾಳಿಪಟದಂತೆ ತೇಲುತ್ತ ಮನೆಗೆ ಬಂದ. ಗೇಟು ತೆಗೆಯುವಾಗ ದಾರ ಹರಿಯಿತು. ಅವನ ಹಿತ್ತಲಲ್ಲಿ ಇದ್ದದ್ದು ಒಂದು ಮುರಿದ ಸೈಕಲ್ಲು, ಒಂದಿಷ್ಟು ಗರಿಕೆ. ನುಗ್ಗೆಯ ಮರ ಇರಲಿ, ಅದರ ನೆರಳೂ ಅವನದಲ್ಲ. ಅಡುಗೆಮನೆಯಲ್ಲಿ ನೂಡಲ್ಸು ಬೇಯಿಸುವ ಒಂದು ಕೆಟಲು. ಸಾರು ಮಾಡಲು ಮೊದಲು ಏನು ಹಾಕಬೇಕು, ನೀರೋ ಬೆಂಕಿಯೋ ಎಂಬುದೂ ಅವನಿಗೆ ಖಚಿತವಿರಲಿಲ್ಲ.

ಇತ್ತ ಆರೋಗ್ಯ ಕೇಂದ್ರದ ಬೆಂಚಿನ ಮೇಲೆ ಸರದಿಗಾಗಿ ಕೂತಿದ್ದವರ ಕಿವಿಗಳೆಲ್ಲ ಆರೋಗ್ಯವಾಗಿಯೇ ಇದ್ದವು. ಸಂಜೆಯೊಳಗೆ ಸುದ್ದಿ ಕೇರಿಯ ಕೊನೆಯ ಹಂದಿಗೂಡಿನವರೆಗೂ ತಲುಪಿತು.

ಶನಿವಾರ ಬೆಳಕು ಹರಿಯುವ ಮುಂಚೆ ಎಡಗಡೆಯ ಬೇಲಿಯಿಂದ ಕೂಗು ಬಂತು.

"ಮಕಾರಿಯೊ! ಎದ್ದಿಯೇನೋ? ಹುಡುಗಿ ಊಟಕ್ಕೆ ಬರ್ತಾಳಂತೆ, ನೀನಿನ್ನೂ ಗೊರಕೆ ಹೊಡೀತಾ ಇದೀಯ!"

ಅದು ನಾನಾಂಗ್ ಬಸಿಲಿಸಾ, ಕೇರಿಗೆಲ್ಲ ಅಮ್ಮ. ಮೊಮ್ಮಕ್ಕಳನ್ನು ಕಂಡ ವಿಧವೆ, ಕೇರಿಯ ಅರ್ಧ ಮದುವೆಗಳನ್ನು ಕುದುರಿಸಿದವಳು, ಇನ್ನರ್ಧವನ್ನು ಮುರಿದವಳು. ಸೊಂಟದ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ಬದನೆ, ಬೆಂಡೆ, ಉದ್ದ ಅಲಸಂದೆ, ಹಾಗಲ, ಸಿಹಿಗುಂಬಳದ ಹೋಳು. ಮಕಾರಿಯೊನ ಕಣ್ಣು ತುಂಬಿ ಬಂತು.

"ಶುಂಠಿ ಎಲ್ಲಿದೆ?" ಎಂದಿತು ಬಲಗಡೆಯ ಬೇಲಿ.

ಅದು ತಾತಾಂಗ್ ಸೊತೇರೊ, ಕೇರಿಗೆಲ್ಲ ಅಪ್ಪ. ಸೈನ್ಯದಲ್ಲಿ ಅಡುಗೆ ಮಾಡುತ್ತಿದ್ದವನು. ತನ್ನ ಕೈಯೂಟ ಉಂಡು ಒಂದು ಪಡೆಯೇ ಶತ್ರುವನ್ನು ಓಡಿಸಿತು ಎಂದು ಅವನು ಹೇಳುತ್ತಿದ್ದ. ಆ ಪಡೆ ಓಡಿದ್ದು ಊಟ ಬಿಟ್ಟು ಎಂದು ಬಸಿಲಿಸಾ ಹೇಳುತ್ತಿದ್ದಳು. ಇಬ್ಬರೂ ಒಬ್ಬರೊಡನೊಬ್ಬರು ಮಾತಾಡಿ ವರ್ಷಗಳಾಗಿದ್ದವು. ಮಕಾರಿಯೊನ ಹಿತ್ತಲ ಬೆನ್ನಿಗೆ ಅವರಿಬ್ಬರ ಹಿತ್ತಲೂ ಕೂಡುವಲ್ಲಿ ಸೊತೇರೊನ ನುಗ್ಗೆಮರದ ಒಂದು ಕೊಂಬೆ ಬಸಿಲಿಸಾಳ ಹಿತ್ತಲಿಗೆ ಬಾಗಿತ್ತು. ಆ ಕೊಂಬೆಯ ಸೊಪ್ಪು ಯಾರದು ಎಂಬ ಜಗಳ ಕೇರಿಯ ಪಂಚಾಯಿತಿಯ ಮೆಟ್ಟಿಲನ್ನೂ ಹತ್ತಿಳಿದಿತ್ತು. ಅಂದಿನಿಂದ ಅವರ ಮಾತೆಲ್ಲ ನಡುಮನೆಯ ಮಕಾರಿಯೊನ ಮೂಲಕವೇ ಹಾಯಬೇಕು.

"ಆ ಮುದುಕನಿಗೆ ಹೇಳು, ತರಕಾರಿ ನನ್ನ ಹಿತ್ತಲಿಂದ ಬರತ್ತೆ, ಅವನ ಸಲಹೆ ಅವನ ಹಿತ್ತಲಲ್ಲೇ ಇರ್ಲಿ ಅಂತ," ಎಂದಳು ಬಸಿಲಿಸಾ.

"ಆಯಮ್ಮನಿಗೆ ಹೇಳು, ನನಗೆ ಕಿವಿ ಚೆನ್ನಾಗೇ ಕೇಳತ್ತೆ ಅಂತ," ಎಂದ ಸೊತೇರೊ.

"ತಾತಾಂಗ್‌ಗೆ ಕಿವಿ ಕೇಳತ್ತಂತೆ," ಎಂದ ಮಕಾರಿಯೊ.

"ಕಿವಿ ಕೇಳತ್ತೆ, ಬುದ್ಧಿಮಾತು ಮಾತ್ರ ಕೇಳಲ್ಲ ಅಂತ ಹೇಳು."

ಸಾರಿನಲ್ಲಿ ಎಲ್ಲವೂ ಇರಬಹುದು, ನುಗ್ಗೆಸೊಪ್ಪು ಇಲ್ಲದಿದ್ದರೆ ಸುಳ್ಳು ಬಯಲಾಗುತ್ತದೆ. ಸೊತೇರೊನ ಮರದಲ್ಲಿ ಕೈಗೆಟಕುವ ಸೊಪ್ಪನ್ನೆಲ್ಲ ಕೇರಿಯವರು ಆಗಲೇ ಬೋಳಿಸಿದ್ದರು. ಮೇಲೆ ಹತ್ತಬೇಕು. ನುಗ್ಗೆಮರ ಹತ್ತಬಾರದೆಂದು ತೊಟ್ಟಿಲ ಕೂಸಿಗೂ ಗೊತ್ತು. ಅದರ ಕೊಂಬೆ ಚುನಾವಣೆಯ ಭರವಸೆಯಂತೆ: ಕೆಳಗಿನಿಂದ ನೋಡಿದರೆ ಗಟ್ಟಿ, ಭಾರ ಹಾಕಿದರೆ ಲಟಕ್ಕನೆ ಸದ್ದು. ಆದರೆ ಪ್ರೀತಿಗೆ ಬಿದ್ದವನಿಗೆ ಮರದಿಂದ ಬೀಳುವ ಭಯ ಎಲ್ಲಿಯದು? ಮಕಾರಿಯೊ ಹತ್ತಿದ.

"ನಡುವಿಂದೇ ಕೀಳು, ಎಳೇ ಸೊಪ್ಪು!" ಎಂದ ಸೊತೇರೊ.

"ನನ್ನ ಕಡೆ ಕೊಂಬೇದು ಕೀಳು, ಬಿಸಿಲು ಕುಡಿದ ಸೊಪ್ಪು!" ಎಂದಳು ಬಸಿಲಿಸಾ.

ಇಬ್ಬರನ್ನೂ ಮೆಚ್ಚಿಸುವುದು ಮಕಾರಿಯೊನ ಹುಟ್ಟುಗುಣ. ಒಂದು ಕಾಲನ್ನು ನಡುಗಾಂಡದ ಮೇಲಿಟ್ಟ, ಇನ್ನೊಂದನ್ನು ಜಗಳದ ಕೊಂಬೆಯ ಮೇಲೆ. ವರ್ಷಗಟ್ಟಲೆ ಪಂಚಾಯಿತಿಯಿಂದ ಇತ್ಯರ್ಥವಾಗದ್ದು ಒಂದು ಗಳಿಗೆಯಲ್ಲಿ ಇತ್ಯರ್ಥವಾಯಿತು. ಕೊಂಬೆ ಮುರಿಯಿತು. ಕೊಂಬೆ, ಸೊಪ್ಪು, ಮಕಾರಿಯೊ ಮೂರೂ ಒಟ್ಟಿಗೆ ಬಸಿಲಿಸಾಳ ಹಿತ್ತಲಿಗೆ ಇಳಿದವು. ಕೆಳಗೆ ಅವಳ ಬಾಗೂಂಗ್ ಜಾಡಿ ಇತ್ತು. ಕಳೆದ ವರ್ಷದಿಂದ ಉಪ್ಪಿನಲ್ಲಿ ಹುದುಗುತ್ತಿದ್ದ ಮೀನು. ಒಂದು ಚಮಚ ಬಿದ್ದರೆ ಪಾತ್ರೆಯ ಸಾರೆಲ್ಲ ಎದ್ದು ಕೂರುವಂಥದ್ದು. ಮಕಾರಿಯೊನ ಮೇಲೆ ಬಿದ್ದದ್ದು ಅರ್ಧ ಜಾಡಿ.

"ಅಯ್ಯೋ, ನನ್ನ ಬಾಗೂಂಗ್!" ಎಂದು ಬಸಿಲಿಸಾ ಓಡಿಬಂದಳು. ಜಾಡಿಯಲ್ಲಿ ಬಗ್ಗಿ ನೋಡಿ, ಅರ್ಧ ಉಳಿದದ್ದು ಖಾತ್ರಿಯಾದ ಮೇಲೆ, "ನಿನಗೇನಾದ್ರೂ ಪೆಟ್ಟಾಯ್ತೇನೋ?" ಎಂದು ಕೇಳಿದಳು.

ಪೆಟ್ಟೇನೂ ಆಗಿರಲಿಲ್ಲ. ಆದರೆ ಮಕಾರಿಯೊ ಎದ್ದು ನಿಂತಾಗ ಮೊದಲ ಬೆಕ್ಕು ಬೇಲಿಯ ಮೇಲೆ ಕಾಣಿಸಿಕೊಂಡಿತು. ಅವನು ತನ್ನ ಮನೆ ಸೇರುವಷ್ಟರಲ್ಲಿ ಕೇರಿಯ ಬೆಕ್ಕುಗಳೆಲ್ಲ ಬಾಲ ನಿಗುರಿಸಿಕೊಂಡು, ಸಂತನ ಹಬ್ಬದ ಮೆರವಣಿಗೆಯಂತೆ ಹಿಂದೆ ಬರುತ್ತಿದ್ದವು. ಸ್ನಾನ ಮಾಡೋಣವೆಂದು ನಲ್ಲಿ ತಿರುಗಿಸಿದ. ನಲ್ಲಿ ಕೆಮ್ಮಿತು, ಒಂದು ಹನಿ ಉಗುಳಿತು, ಮಲಗಿಬಿಟ್ಟಿತು. ಊರಿಗೆಲ್ಲ ನೀರಿನ ಲೆಕ್ಕ ಹೇಳುವವನ ಮನೆಯಲ್ಲಿ ಅಂದು ನೀರೇ ಇಲ್ಲ.

ಸೊತೇರೊನ ಕೈಪಂಪಿನ ಕೆಳಗೆ ಕೂರಿಸಿ ಅವನನ್ನು ತಿಕ್ಕಿದರು. ಸಾಬೂನು ಸೋತಿತು.

"ಸೈನ್ಯದಲ್ಲಿ ನಾವು ಕಬ್ಬಿನ ವಿನಿಗರ್ ಹಚ್ತಿದ್ವಿ," ಎಂದು ಸೊತೇರೊ ಒಂದು ಬಾಟಲಿ ಸುರಿದ.

"ಮೀನಿನ ವಾಸನೆಗೆ ನಿಂಬೆ ಆಗ್ಬೇಕು ಅಂತ ಹೇಳು," ಎಂದು ಬಸಿಲಿಸಾ ಬೋಗುಣಿ ತುಂಬ ಪುಟ್ಟ ನಿಂಬೆಹಣ್ಣು ಹಿಂಡಿದಳು.

ಎಲ್ಲ ಮುಗಿದ ಮೇಲೆ ಮಕಾರಿಯೊ ಮೀನಿನ ವಾಸನೆ ಹೊಡೆಯುತ್ತಿರಲಿಲ್ಲ. ಉಪ್ಪಿನಕಾಯಿ ಹಾಕಿದ ಮೀನಿನ ವಾಸನೆ ಹೊಡೆಯುತ್ತಿದ್ದ. ಬೆಕ್ಕುಗಳಲ್ಲಿ ಕೆಲವು ಬೇಸರಪಟ್ಟು ಹೋದವು. ರುಚಿ ಬಲ್ಲವು ಉಳಿದವು.

ಮಕಾರಿಯೊನ ಹಿತ್ತಲಲ್ಲಿ ಕಲ್ಲೊಲೆ ಹೂಡಿ, ಬಸಿಲಿಸಾಳ ಮಣ್ಣಿನ ಮಡಕೆಯಲ್ಲಿ ನೀರಿಟ್ಟರು. ಸೊತೇರೊ ಕೆಂಡದ ಮೇಲೆ ಮೀನು ಸುಡಲು ಕೂತ. ಮಕಾರಿಯೊ ತರಕಾರಿ ಹೆಚ್ಚಿದ. ಅವನು ಹೆಚ್ಚಿದ ಬದನೆಕಾಯಿ ಒಂದೊಂದೂ ಒಂದೊಂದು ಊರಿನಿಂದ ಬಂದಂತಿತ್ತು. ಕುಂಬಳ ಮೊದಲು ಬಿತ್ತು, ಆಮೇಲೆ ಅಲಸಂದೆ, ಹಾಗಲ, ಬೆಂಡೆ. ಮಕಾರಿಯೊ ಸೌಟು ಹಿಡಿದು ಒಳಗೆ ಇಳಿಸಿದ.

"ಕಲಕಬೇಡ!" ಎಂದು ಬಸಿಲಿಸಾ ಕಿರುಚಿದಳು. "ಹಾಗಲಕಾಯಿನ ಕೆಣಕಿದ್ರೆ ಮಡಕೇಗೆಲ್ಲ ಕಹಿ ಹಂಚತ್ತೆ!"

"ಕಲಕು!" ಎಂದ ಸೊತೇರೊ. "ತಳ ಹಿಡಿಯತ್ತೆ!"

ಮಕಾರಿಯೊ ಸೌಟನ್ನು ಅರ್ಧ ಮುಳುಗಿಸಿ, ಅರ್ಧ ಎತ್ತಿ, ಹಾಗೇ ಹಿಡಿದುಕೊಂಡು ನಿಂತ. ಆ ಗ್ಯಾಪಿನಲ್ಲಿ ಸೊತೇರೊ ಶುಂಠಿ ಹಾಕಿದ. ಬಸಿಲಿಸಾ ಬೆರಳು ಸುಟ್ಟುಕೊಂಡು ಶುಂಠಿ ತೆಗೆದಳು. ಸೊತೇರೊ ಮತ್ತೆ ಹಾಕಿದ.

"ಹೋಗಿ ಶರ್ಟು ಹಾಕ್ಕೊಂಡು ಬಾ, ಹೊತ್ತಾಯ್ತು," ಎಂದು ಬಸಿಲಿಸಾ ಮಕಾರಿಯೊನನ್ನು ಒಳಗಟ್ಟಿದಳು. ಸೊತೇರೊ ಮೀನು ಮಗುಚಲು ತಿರುಗಿದಾಗ ಸೋಸಿದ ಬಾಗೂಂಗ್ ಒಂದು ಬಟ್ಟಲು ಮಡಕೆಗೆ ಸುರಿದಳು. ಮುದುಕನಿಗೆ ನೆನಪಿರುವುದಿಲ್ಲ ಎಂಬುದು ಅವಳ ಲೆಕ್ಕ. ಅವಳು ಸೌದೆ ತರಲು ಹೋದಾಗ ಸೊತೇರೊ ಒಂದು ಬಟ್ಟಲು ಸುರಿದ. ಮುದುಕಿಗೆ ಜಿಪುಣತನ ಎಂಬುದು ಅವನ ಲೆಕ್ಕ. ಇಸ್ತ್ರಿ ಶರ್ಟು ತೊಟ್ಟು ಬಂದ ಮಕಾರಿಯೊ ಒಲೆಯ ಪಕ್ಕ ಬಟ್ಟಲಲ್ಲಿ ಉಳಿದಿದ್ದ ಬಾಗೂಂಗನ್ನು ಕಂಡು, ಇಬ್ಬರೂ ಮರೆತಿದ್ದಾರೆ ಪಾಪ ಎಂದುಕೊಂಡು, ಅದನ್ನೂ ಸುರಿದ.

ಸೊತೇರೊ ರುಚಿ ನೋಡಿದ. ಅವನ ಮುಖ ಒಣಗಿದ ಹುಣಸೆಹಣ್ಣಿನಂತೆ ಮುದುಡಿ, ಬಹಳ ಹೊತ್ತಾದ ಮೇಲೆ ನಿಧಾನವಾಗಿ ಬಿಚ್ಚಿಕೊಂಡಿತು.

"ಇದು ಸಾರಲ್ಲ," ಎಂದ. "ಸಮುದ್ರ. ಯಾರೋ ತರಕಾರಿ ಚೆಲ್ಲಿದಾರೆ."

"ನೀರು ಹಾಕು ಅಂತ ಹೇಳು," ಎಂದಳು ಬಸಿಲಿಸಾ.

ನೀರು ಹಾಕಿದರು. ಉಪ್ಪು ಇಳಿಯಿತು, ಜೊತೆಗೆ ರುಚಿಯೂ ಇಳಿಯಿತು. ಹಾಗಾದರೆ ತರಕಾರಿ ಹೆಚ್ಚಿಸಬೇಕು. ತರಕಾರಿ ಹೆಚ್ಚಿಸಿದಾಗ ಮಡಕೆ ಉಕ್ಕಿತು. ಹಾಗಾದರೆ ದೊಡ್ಡ ಪಾತ್ರೆ ಬೇಕು. ದೊಡ್ಡ ಪಾತ್ರೆಗೆ ಬಗ್ಗಿಸಿದಾಗ ಮಡಕೆ ಒಲೆಗಲ್ಲಿಗೆ ತಾಗಿ ಬಿರುಕು ಬಿಟ್ಟಿತು. ದೊಡ್ಡ ಪಾತ್ರೆಯಲ್ಲೂ ಉಪ್ಪು ಎದ್ದು ಕುಣಿಯುತ್ತಿತ್ತು. ಮತ್ತೆ ನೀರು, ಮತ್ತೆ ತರಕಾರಿ. ಕಡೆಗೆ ಬೇಲಿಯಾಚೆಯಿಂದ ಕುತ್ತಿಗೆ ಚಾಚಿ ನೋಡುತ್ತಿದ್ದ ಯಾರೋ ಓಡಿಹೋಗಿ ಕೇರಿಯ ಮುಖ್ಯಸ್ಥ ಕಪಿತಾನ್ ಹೆರ್ಮಿನಿಯೊನಿಗೆ ಹೇಳಿದರು. ಅವನು ಹಬ್ಬಕ್ಕೆ ಹಂದಿಮಾಂಸ ಬೇಯಿಸುವ ಕೇರಿಯ ದೊಡ್ಡ ಕಬ್ಬಿಣದ ಕೊಪ್ಪರಿಗೆಯನ್ನು ಗಾಡಿಚಕ್ರದಂತೆ ಉರುಳಿಸಿಕೊಂಡು ಬಂದ.

"ಯಾರದ್ದಪ್ಪಾ ಮದುವೆ?" ಎಂದ ಏದುಸಿರು ಬಿಡುತ್ತ.

"ಇನ್ನೂ ಆಗಿಲ್ಲ. ಆಗೋ ಹಾಗೆ ಮಾಡ್ತಾ ಇದೀವಿ," ಎಂದಳು ಬಸಿಲಿಸಾ.

ಕೊಪ್ಪರಿಗೆ ಅಷ್ಟು ದೊಡ್ಡದು, ಸಾರು ಅದರ ತಳದಲ್ಲಿ ಮಳೆನಿಂತ ಹೊಂಡದಂತೆ ಕಂಡಿತು. ಆಮೇಲೆ ಯಾರು ಏನು ತಂದರೆಂದು ಯಾರಿಗೂ ತಿಳಿಯದು. ಒಬ್ಬಳು ಹೀರೇಕಾಯಿ ತಂದಳು, ಒಬ್ಬ ಗೆಣಸಿನ ಕುಡಿ ತಂದ, ಇನ್ನೊಬ್ಬಳು ಸೆರಗಿನಲ್ಲಿ ಕುಂಬಳದ ಹೂವು ತಂದಳು. ಮುರಿದ ಕೊಂಬೆಯ ಸೊಪ್ಪನ್ನೆಲ್ಲ ಬಿಡಿಸಿ ಕೊನೆಯಲ್ಲಿ ಹಾಕಿದರು. ಮಕಾರಿಯೊನ ಕೈಗೆ ಸೌಟಿನ ಬದಲು ದೋಣಿಯ ಹುಟ್ಟು ಕೊಟ್ಟರು. ಸುಟ್ಟ ಮೀನು ಮೇಲೆ ತೇಲಿತು. ಉಪ್ಪು ಎಲ್ಲರಿಗೂ ಹಂಚಿಹೋಗಿ ತೆಪ್ಪಗಾಯಿತು. ಬಸಿಲಿಸಾ ಒಂದು ಗುಟುಕು ನೋಡಿ ಇನ್ನೊಂದು ಗುಟುಕು ನೋಡಿದಳು. ಅವಳಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ಕೇರಿ ಕಂಡಿರಲಿಲ್ಲ.

ಚರ್ಚಿನ ಮಧ್ಯಾಹ್ನದ ಗಂಟೆಗೂ ಗೇಟಿನ ಕಿರ್ರೆನ್ನುವ ಸದ್ದಿಗೂ ಸರಿಹೋಯಿತು. ನೀಲಿ ಕೊಡೆ ಮಡಚುತ್ತ ಮಿಸ್ ವಾಂಜಿ ಹಿತ್ತಲಿಗೆ ಬಂದಳು. ಕೊಪ್ಪರಿಗೆ ನೋಡಿದಳು. ಹುಟ್ಟು ಹಿಡಿದು ನಿಂತ ಮಕಾರಿಯೊನನ್ನು ನೋಡಿದಳು.

"ಇದೇನಿದು... ಇಷ್ಟೊಂದು?"

ಮಕಾರಿಯೊ ನಿಜ ಹೇಳಲೆಂದೇ ಬಾಯಿ ತೆರೆದ. ಸೊತೇರೊ ಅದನ್ನು ಅವನ ಬಾಯಿಂದಲೇ ಕಸಿದುಕೊಂಡ.

"ದಿನಾ ಹೀಗೇ ಮೇಡಂ. ಒಬ್ಬನಿಗೇ ಮಾಡ್ಕೊಳ್ಳೋ ಸ್ವಾರ್ಥಿ ಅಲ್ಲ ಇವನು. ಕೇರಿಗೆಲ್ಲ ಹಂಚ್ತಾನೆ."

"ಮುದುಕರು, ಒಂಟಿಯವರು, ಬಾಣಂತಿಯರು," ಎಂದು ಬಸಿಲಿಸಾ ಕಣ್ಣೊರೆಸಿಕೊಂಡಳು. "ಎಲ್ಲರಿಗೂ ಬಡಿಸಿ ಉಳಿದ್ರೆ ಇವನಿಗುಂಟು, ಇಲ್ದಿದ್ರೆ ಇಲ್ಲ. ಹೌದಲ್ವಾ ಸೊತೇರೊ?"

"ಹೌದು ಬಸಿಲಿಸಾ, ನೀನು ಹೇಳಿದ್ದು ನಿಜ," ಎಂದ ಸೊತೇರೊ.

ಹೇಳಿಬಿಟ್ಟ ಮೇಲೆ ಇಬ್ಬರೂ ಬೆಚ್ಚಿ ಒಬ್ಬರನ್ನೊಬ್ಬರು ನೋಡಿಕೊಂಡರು. ಆಮೇಲೆ ಬಸಿಲಿಸಾ ಕೆಮ್ಮಿ, ಸೊತೇರೊ ಮೂಗೊರೆಸಿ, ಏನೂ ಆಗದವರಂತೆ ಮುಂದುವರಿದರು.

ವಾಂಜಿಗೆ ಬೆಂಚು ಹಾಕಿ, ಅನ್ನದ ಮೇಲೆ ಸಾರು ಬಡಿಸಿದರು. ಅವಳು ಉಂಡಳು. ಮತ್ತೆ ಬಟ್ಟಲು ಚಾಚಿದಳು. ಇನ್ನೊಮ್ಮೆ ಚಾಚಿದಳು. ನಡುವೆ ಒಮ್ಮೆ ಮೂಗರಳಿಸಿ, "ಎಲ್ಲೋ ಉಪ್ಪಿನಕಾಯಿ ವಾಸನೆ ಬರ್ತಿದೆ ಅಲ್ವಾ?" ಎಂದಳು. ಮಕಾರಿಯೊ ಗಾಳಿ ಬೀಸುವ ದಿಕ್ಕು ನೋಡಿಕೊಂಡು ಎರಡು ಹೆಜ್ಜೆ ಸರಿದ. ಅವನ ಪಾದದ ಮೇಲೆ ಕೂತಿದ್ದ ಬೆಕ್ಕೂ ಸರಿಯಿತು.

"ಪಾಪ, ಒಬ್ಬನೇ ಇದಾನೆ ಮೇಡಂ," ಎಂದಳು ಬಸಿಲಿಸಾ ಗಾಳ ಬಿಡುತ್ತ.

"ಕುಡಿಯಲ್ಲ, ಕೋಳಿಜೂಜಿಗೆ ಹೋಗಲ್ಲ," ಎಂದ ಸೊತೇರೊ.

"ನಾಯಿಗಳ ಮೇಲೂ ಕೋಪ ಮಾಡ್ಕೊಳ್ಳಲ್ಲ," ಎಂದ ಕಪಿತಾನ್, ತನಗೆ ತಿಳಿದದ್ದನ್ನು ಸೇರಿಸಿ.

ವಾಂಜಿ ಬಟ್ಟಲು ಕೆಳಗಿಟ್ಟಳು. ಅವಳ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. "ಮಕಾರಿಯೊ," ಎಂದಳು. 'ಮಿಸ್ಟರ್ ಡುಮ್ಲಾವೊ' ಇರಲಿಲ್ಲ, ಬರೀ ಮಕಾರಿಯೊ. "ನಿಮ್ಮಂಥ ಗಂಡಸನ್ನೇ ನಾನು ಇಷ್ಟು ದಿನ ಹುಡುಕ್ತಾ ಇದ್ದದ್ದು."

ಬಸಿಲಿಸಾ ಸೊತೇರೊನ ತೋಳು ಚಿವುಟಿದಳು.

"ಎಲ್ಲಾ ಕೇರೀಲೂ ಹುಡುಕಿದೆ. ಸಿಕ್ಕಿರಲಿಲ್ಲ. ಕೇಳೋಕೆ ನನಗೇ ಸಂಕೋಚ. ಇದು ದೊಡ್ಡ ಜವಾಬ್ದಾರಿ, ವರ್ಷಗಟ್ಟಲೆ ನಿಭಾಯಿಸಬೇಕು. ಮಕ್ಕಳ ವಿಷಯ ಬೇರೆ ಇದೆ..."

"ಒಪ್ಪಿದೆ!" ಎಂದ ಮಕಾರಿಯೊ.

"ಪೂರ್ತಿ ಕೇಳಿ ಆಮೇಲೆ..."

"ಕೇಳೋದೇನೂ ಇಲ್ಲ. ಒಪ್ಪಿದೆ. ಕಪಿತಾನ್, ನೀವೇ ಸಾಕ್ಷಿ!"

"ಸಾಕ್ಷಿ," ಎಂದು ಕಪಿತಾನ್ ಗಂಭೀರವಾಗಿ ಟೋಪಿ ತೆಗೆದ.

"ಅಬ್ಬಾ!" ಎಂದು ವಾಂಜಿ ಎದ್ದು ನಿಂತು ಚಪ್ಪಾಳೆ ತಟ್ಟಿದಳು. "ಕೇಳಿ ಎಲ್ಲರೂ! ಇನ್ಮೇಲೆ ಪ್ರತಿ ಶನಿವಾರ ಕೇರಿಯ ಅರವತ್ತು ಮಕ್ಕಳಿಗೆ ಇದೇ ಕೊಪ್ಪರಿಗೇಲಿ ಮಕಾರಿಯೊ ದಿನೆಂಗ್ದೆಂಗ್ ಮಾಡಿ ಬಡಿಸ್ತಾರೆ! ಅಷ್ಟೇ ಅಲ್ಲ, ಮನೇಲಿ ಸೌಟು ಮುಟ್ಟದ ಗಂಡಂದಿರನ್ನೆಲ್ಲ ಕೂರಿಸಿಕೊಂಡು ಕಲಿಸ್ತಾರೆ! ಹೇಗಿದ್ರೂ ದಿನಾ ಮಾಡ್ತಾರಲ್ಲ, ಇವರಿಗೇನು ಕಷ್ಟ?"

ಹೆಂಗಸರ ಗುಂಪಿನಿಂದ ಜಯಕಾರ ಎದ್ದಿತು. ಗಂಡಸರ ಗುಂಪಿನಿಂದ ಮಕಾರಿಯೊನ ಕಡೆಗೆ ಎಂಥ ನೋಟ ಹರಿಯಿತೆಂದರೆ, ಅದರ ಮುಂದೆ ಅವನು ಇಷ್ಟು ವರ್ಷ ಕಂಡ ನಾಯಿಗಳೆಲ್ಲ ಸಾಧುಗಳು.

ಮಕಾರಿಯೊನ ಕೈಯಿಂದ ಹುಟ್ಟು ಜಾರಿತು. ಆದರೂ ಮುಳುಗುವವನಿಗೆ ಒಂದು ಕಡ್ಡಿ ಕಂಡಿತು.

"ಮಿಸ್ ವಾಂಜಿ... ಶನಿವಾರ ಶನಿವಾರ... ನೀವೂ ಬರ್ತೀರಲ್ವಾ?"

"ಅದೇ ಬೇಜಾರು ನೋಡಿ," ಎಂದು ಅವಳು ಕೊಡೆ ಬಿಚ್ಚಿದಳು. "ನನಗೆ ಬತಾನೆಸ್ ದ್ವೀಪಕ್ಕೆ ವರ್ಗ ಆಗಿದೆ, ಸೋಮವಾರಾನೇ ಹೊರಡಬೇಕು. ಈ ಕೆಲಸಕ್ಕೆ ಒಬ್ಬರು ಸಿಗದೆ ಹೋಗೋದು ಹೇಗೆ ಅಂತ ನಿದ್ದೇನೇ ಬರ್ತಿರ್ಲಿಲ್ಲ. ಈಗ ನಿಶ್ಚಿಂತೆ. ನನ್ನ ಜಾಗಕ್ಕೆ ಗೌದೆನ್ಸಿಯೊ ಅಂತ ಬರ್ತಾರೆ. ನಿವೃತ್ತಿ ಹತ್ತಿರ ಇದೆ, ದೊಡ್ಡ ಮೀಸೆ, ಬಹಳ ಒಳ್ಳೆಯವರು. ಊಟ ಅಂದ್ರೆ ಪ್ರಾಣ. ಪ್ರತಿ ಶನಿವಾರ ತಪ್ಪದೆ ಬರ್ತಾರೆ."

ನೀಲಿ ಕೊಡೆ ಬೇಲಿಯ ಆಚೆ ತೇಲುತ್ತ ಮರೆಯಾಯಿತು.

ಆಮೇಲೆ ಕೇರಿ ಕೊಪ್ಪರಿಗೆಯ ಮೇಲೆ ಬಿತ್ತು. ದಿನಾ ಹಂಚುತ್ತಾನೆ ಎಂದು ಸೊತೇರೊ ಹೇಳಿದ್ದನ್ನು ಎಲ್ಲರೂ ಕೇಳಿದ್ದರು, ಮಾತು ಸುಳ್ಳಾಗಬಾರದಲ್ಲ. ಬಟ್ಟಲು, ತಂಬಿಗೆ, ಒಬ್ಬನಂತೂ ಹೆಲ್ಮೆಟ್ಟಿನೊಳಗೆ ಬಾಳೆಲೆ ಹಾಸಿಕೊಂಡು ಬಂದಿದ್ದ. ನೋಡುನೋಡುತ್ತಿದ್ದಂತೆ ಹಿತ್ತಲು ಖಾಲಿಯಾಯಿತು. ಬೆಂಚಿನ ಮೇಲೆ ಬಸಿಲಿಸಾ ಮತ್ತು ಸೊತೇರೊ ಉಳಿದರು, ಒಂದೇ ಬೆಂಚಿನ ಎರಡು ತುದಿಯಲ್ಲಿ.

"ಮುಂದಿನ ವಾರ ಶುಂಠಿ ಬೇಡ," ಎಂದಳು ಬಸಿಲಿಸಾ.

"ಶುಂಠಿ ಇಲ್ದಿದ್ರೆ ನಾನು ಬರೋದೇ ಇಲ್ಲ," ಎಂದ ಸೊತೇರೊ.

"ಬರ್ಬೇಡ, ಯಾರು ಕರೆದ್ರು? ಮೀನು ಸುಡೋಕೆ ಬಂದ್ರೆ ಸಾಕು."

ನಡುವೆ ಮಕಾರಿಯೊ ಬೇಕೆಂದು ಇಬ್ಬರಿಗೂ ಅನ್ನಿಸಲಿಲ್ಲ.

"ನಾನು ಕಪಿತಾನ್ ಹತ್ರ ಹೋಗಿ ನಿಜ ಹೇಳಿಬಿಡ್ತೀನಿ," ಎಂದ ಮಕಾರಿಯೊ ಅಳುದನಿಯಲ್ಲಿ. "ನನಗೆ ಸಾರು ಮಾಡೋಕೆ ಬರಲ್ಲ ಅಂತ. ಈ ಸಾರು ಹಾಳಾಗಿತ್ತು, ಪಾಪ ಆಕೆ ಮರ್ಯಾದೆಗೆ ತಿಂದ್ಲು ಅಂತ."

"ಹೇಳು," ಎಂದಳು ಬಸಿಲಿಸಾ ನಿರಾಳವಾಗಿ. "ನೀನು ರುಚಿ ನೋಡಿದ್ಯಾ?"

ನೋಡಿರಲಿಲ್ಲ. ಬೆಳಗಿನಿಂದ ಅವನ ಹೊಟ್ಟೆಗೆ ಒಂದು ತೊಟ್ಟು ಬಿದ್ದಿರಲಿಲ್ಲ. ಮಕಾರಿಯೊ ಕೊಪ್ಪರಿಗೆಯೊಳಗೆ ಸೊಂಟದವರೆಗೂ ಬಗ್ಗಿ, ತಳದಲ್ಲಿ ಅಂಟಿದ್ದ ಒಂದು ಚೂರು ಕುಂಬಳವನ್ನು ರಸದ ಸಮೇತ ಬೆರಳಲ್ಲಿ ಬಳಿದ. ಕೆಟ್ಟಿರಲಿ ದೇವರೇ ಎಂದು ಎದೆಯ ಮೇಲೆ ಶಿಲುಬೆ ಗೀರಿಕೊಂಡು ನಾಲಿಗೆಗಿಟ್ಟ.

ಕುಂಬಳದ ಸಿಹಿ ಮೊದಲು ಬಂತು. ಅದರ ಬೆನ್ನಿಗೆ ಹಾಗಲದ ಒಂದೆಳೆ ಕಹಿ, ಸುಟ್ಟ ಮೀನಿನ ಹೊಗೆ, ಎಲ್ಲೋ ಮೂಲೆಯಲ್ಲಿ ಕದ್ದು ಕೂತ ಶುಂಠಿ.

"ಅಯ್ಯೋ," ಎಂದು ಕೊಪ್ಪರಿಗೆಯೊಳಗಿಂದ ಮಕಾರಿಯೊನ ಕೂಗು ಚರ್ಚಿನ ಗಂಟೆಯಂತೆ ಮೊಳಗಿತು. "ಕೆಟ್ಟೆ! ಚೆನ್ನಾಗಿದೆ!"